ಹುಬ್ಬಳ್ಳಿಯ ಕಿವಿ, ಇಂಗ್ಲೆಂಡಿನ ಮೂಗು: ಹೊಸದಾಗಿ ಹೊರಟ ಇಎನ್‌ಟಿ ಡಾಕ್ಟರಿಗೆ ಉತ್ತರ

ನಮಸ್ಕಾರ ತಂಗಿ,

ಹುಬ್ಬಳ್ಳಿ ಕಿಮ್ಸ್‌ನಲ್ಲಿ ಎಂ.ಎಸ್. ಮುಗಿದಿದೆ, ಬ್ರಿಟನ್ನಿನ ವೈದ್ಯ ಮಂಡಳಿ ಜಿಎಂಸಿಯ ನೋಂದಣಿ ಬಂದಿದೆ, ಇಂಗ್ಲೆಂಡಿನ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಇಎನ್‌ಟಿ ಕ್ಲಿನಿಕಲ್ ಫೆಲೊ ಕೆಲಸವೂ ಸಿಕ್ಕಿದೆ ಎಂದು ಬರೆದಿದ್ದೀರಿ. ಕೇಳಿದ್ದು ಮೂರು ಮಾತು: ಅಲ್ಲಿಯ ಕೆಲಸ ಹೆಂಗಿರತೈತಿ, ಕಲಿತ ಕಿವಿ ಆಪರೇಷನ್ ಕೈ ಬಿಟ್ಟು ಹೋಗತೈತೇನು, ರಿಸರ್ಚಿಗೆ ಯಾವ ವಿಷಯ ಹಿಡೀಬೇಕು. ಮೂರನೆಯದನ್ನು ಮೊದಲೇ ಹೇಳಿಬಿಡುತ್ತೇನೆ. ವಿಷಯ ಹುಡುಕಲು ಇಷ್ಟು ದೂರ ಇಂಗ್ಲೆಂಡಿಗೆ ಬರಬೇಕಿಲ್ಲ, ಅದು ಕಿಮ್ಸ್ ಓಪಿಡಿಯ ಸಾಲಿನಲ್ಲೇ ಕುಂತಿದೆ. ಇಲ್ಲಿ ಬಂದು ಕಲಿಯಬೇಕಾದದ್ದು ಅದನ್ನು ಅಳೆಯುವ ರೀತಿ.

ಈಗ ಕೆಲಸದ ಮಾತು. ಊರಲ್ಲಿ ಕಿವಿ ಸೋರುವ ಹುಡುಗ ಗದಗದಿಂದಲೋ ರಾಣೆಬೆನ್ನೂರಿನಿಂದಲೋ ಬೆಳಗಿನ ಬಸ್ಸು ಹಿಡಿದು ಬಂದು, ಚೀಟಿ ಮಾಡಿಸಿ, ನೇರ ನಿಮ್ಮ ಮುಂದೆ ಕೂಡುತ್ತಾನೆ. ಇಲ್ಲಿ ಕ್ಲಿನಿಕ್ಕಿಗೆ ಬರುವವರು ಬಹುತೇಕ ಜಿಪಿ, ಅಂದರೆ ಮನೆ ಹತ್ತಿರದ ಸಾಮಾನ್ಯ ಡಾಕ್ಟರರ ಪತ್ರ ಹಿಡಿದೇ ಬರುತ್ತಾರೆ. ಪತ್ರದಿಂದ ಚಿಕಿತ್ಸೆಗೆ 18 ವಾರ ಎಂಬ ಗುರಿ ಇದೆ, ಬಹಳ ಕಡೆ ಅದು ಮೀರಿ ಹೋಗುತ್ತದೆ. ಕ್ಯಾನ್ಸರ್ ಸಂಶಯ ಇದ್ದವರಿಗೆ ಬೇರೆ ದಾರಿ: 45 ದಾಟಿದವರಲ್ಲಿ ಕಾರಣ ತಿಳಿಯದೆ ದನಿ ಗೊಗ್ಗರಾಗಿ ಹಾಗೇ ಉಳಿದಿದ್ದರೆ, ಕುತ್ತಿಗೆಯಲ್ಲಿ ಗಂಟು ಬಂದಿದ್ದರೆ, ಪತ್ರ ಬಂದ 28 ದಿನದೊಳಗೆ ರೋಗ ಇದೆಯೋ ಇಲ್ಲವೋ ಎಂದು ಅವರಿಗೆ ಹೇಳಿ ಮುಗಿಸಬೇಕು. ಪ್ರತಿಯೊಬ್ಬರನ್ನು ನೋಡಿದ ಮೇಲೆ ಜಿಪಿಗೆ ಒಂದು ಪತ್ರ ಹೇಳಿ ಬರೆಸುತ್ತೀರಿ, ಅದರ ಪ್ರತಿ ರೋಗಿಗೂ ಹೋಗುತ್ತದೆ. ಹಾಗಾಗಿ ರೋಗಿ ಓದಿದರೆ ತಿಳಿಯುವ ಹಾಗೆ ಬರೆಯಿರಿ. ಒಪ್ಪಿಗೆ ಪತ್ರದ ವಿಷಯದಲ್ಲಿ ಅಗದಿ ಎಚ್ಚರ ಬೇಕು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮಾಂಟ್ಗೊಮರಿ ಪ್ರಕರಣದಲ್ಲಿ ಕೊಟ್ಟ ತೀರ್ಪಿನಂತೆ, ಆ ರೋಗಿಗೆ ಯಾವ ಅಪಾಯ ಮುಖ್ಯವೋ ಅದನ್ನು ಹೇಳಲೇಬೇಕು. ಮಾಸ್ಟಾಯ್ಡ್, ಅಂದರೆ ಕಿವಿಯ ಹಿಂದಿನ ಎಲುಬಿನ ಆಪರೇಷನ್ನಿನಲ್ಲಿ ಮುಖದ ನರದ ಮಾತು ಎಲ್ಲರೂ ಹೇಳುತ್ತಾರೆ. ನಾಲಿಗೆಯ ರುಚಿ ಕೆಡಬಹುದು ಎಂಬುದು ಅಡುಗೆ ಕೆಲಸದವರಿಗೆ ಅಷ್ಟೇ ದೊಡ್ಡ ಮಾತು, ಅದನ್ನು ಬಿಡಬಾರದು. ಇನ್ನೊಂದು ಸಣ್ಣ ಸಂಗತಿ: ಇಲ್ಲಿ ಸರ್ಜನ್ನರನ್ನು ಡಾಕ್ಟರ್ ಎನ್ನದೆ ಮಿಸ್ಟರ್, ಮಿಸ್ ಎಂದು ಕರೆಯುತ್ತಾರೆ. ಅದು ಮರ್ಯಾದೆ ಕಡಿಮೆ ಮಾಡಿದ್ದಲ್ಲ.

ಮೊದಲ ತಿಂಗಳು ನಿಮ್ಮನ್ನು ಪರೀಕ್ಷೆ ಮಾಡುವುದು ರಾತ್ರಿಯ ಬ್ಲೀಪ್, ಅಂದರೆ ಡ್ಯೂಟಿ ಡಾಕ್ಟರರನ್ನು ಕರೆಯುವ ಪೇಜರ್. ಅದರಲ್ಲಿ ಹೆಚ್ಚು ಬರುವುದು ಮೂಗಿನ ರಕ್ತ, ಅದೂ ರಕ್ತ ತೆಳುವಾಗಿಸುವ ಗುಳಿಗೆ ನುಂಗುವ ವಯಸ್ಸಾದವರದ್ದು. ಊರಲ್ಲಿ ರಿಬ್ಬನ್ ಗಾಜ್ ತುಂಬಿ ಮುಗಿಸುವ ರೂಢಿ ಇದ್ದರೆ ಇಲ್ಲಿ ಅದು ಕೊನೆಯ ಹೆಜ್ಜೆಗಳಲ್ಲಿ ಒಂದು. ಮೂಗಿನ ಮೆತ್ತಗಿನ ಭಾಗವನ್ನು ಹಿಡಿದು, ತಲೆ ಮುಂದಕ್ಕೆ ಬಾಗಿಸಿ, ಬಿಡದೆ 10ರಿಂದ 15 ನಿಮಿಷ ಒತ್ತಿಸಿ. ಹೆಡ್‌ಲೈಟ್ ಹಾಕಿಕೊಂಡು ಹೆಪ್ಪು ಎಲ್ಲ ಸಕ್ಷನ್ನಿನಿಂದ ತೆಗೆಯಿರಿ. ಹೆಪ್ಪು ಬಿಟ್ಟರೆ ನಾಳ ಕಾಣುವುದೇ ಇಲ್ಲ, ಹೊಸಬರು ಸೋಲುವುದು ಇಲ್ಲೇ. ಆಮೇಲೆ ಕೋ-ಫಿನಿಲ್‌ಕೇನ್, ಅಂದರೆ ಶೇ. 5 ಲಿಡೊಕೇನ್ ಮತ್ತು ಶೇ. 0.5 ಫಿನೈಲೆಫ್ರಿನ್, ಅರಳೆಯಲ್ಲಿ ಇಟ್ಟು ಕೆಲವು ನಿಮಿಷ ಕಾಯಿರಿ. ನಾಳ ಕಂಡರೆ ಸಿಲ್ವರ್ ನೈಟ್ರೇಟ್ ಕಡ್ಡಿಯನ್ನು ಮೊದಲು ಸುತ್ತಲೂ ಮುಟ್ಟಿಸಿ, ಕೊನೆಗೆ ನಡುವೆ. ರಕ್ತ ಹರಿಯುತ್ತಿರುವ ಜಾಗಕ್ಕೆ ನೇರ ಒತ್ತಿದರೆ ಔಷಧ ತೊಳೆದು ಹೋಗಿ ತುಟಿಯ ಮೇಲೆ ಕಪ್ಪು ಕಲೆ ಉಳಿಯುತ್ತದೆ, ಅಷ್ಟೇ. ಎರಡೂ ಹೊಳ್ಳೆಗಳ ನಡುಗೋಡೆಯನ್ನು ಒಂದೇ ಸಲ ಎದುರುಬದುರು ಸುಡಬೇಡಿ, ತೂತು ಬೀಳುತ್ತದೆ. ಇಷ್ಟಕ್ಕೂ ನಿಲ್ಲದಿದ್ದರೆ ಮೂಗಿನೊಳಗೆ ಇಟ್ಟು ಗಾಳಿಯಿಂದ ಉಬ್ಬಿಸುವ ಪ್ಯಾಕ್, ರ‍್ಯಾಪಿಡ್ ರೈನೊ. ಅದನ್ನು 30 ಸೆಕೆಂಡ್ ಸ್ಟೆರೈಲ್ ನೀರಿನಲ್ಲಿ ನೆನೆಸಬೇಕು, ಸಲೈನಿನಲ್ಲಿ ಅಲ್ಲ. ಮೂಗಿನ ನೆಲದ ಗುಂಟ ಅಡ್ಡಕ್ಕೆ ಸರಿಸಬೇಕು, ಮೇಲಕ್ಕಲ್ಲ. 20 ಎಂಎಲ್ ಸಿರಿಂಜಿನಿಂದ ಗಾಳಿ ತುಂಬಿ, ಹೊರಗಿನ ಸಣ್ಣ ಬಲೂನು ದುಂಡಗೆ ಬಿಗಿಯಾಗುತ್ತಲೇ ನಿಲ್ಲಿಸಿ. ಅದೂ ಸೋತರೆ ಮೂಗಿಗೆ ರಕ್ತ ತರುವ ಸ್ಫಿನೊಪ್ಯಾಲಟೈನ್ ಧಮನಿಯನ್ನು ಎಂಡೊಸ್ಕೋಪಿನಲ್ಲಿ ಕಟ್ಟುವುದು. ನಿಮ್ಮ ಮೇಲಿನ ಡಾಕ್ಟರ್ ಆದ ರಿಜಿಸ್ಟ್ರಾರ್‌ಗೆ ಫೋನ್ ಮಾಡಲು ಹಿಂಜರಿಯಬೇಡಿ. ತಡ ಮಾಡಿದವರನ್ನು ಬೈಯುತ್ತಾರೆ, ಕರೆದವರನ್ನಲ್ಲ.

ರಾತ್ರಿಯ ಇನ್ನೆರಡು ಕರೆಗಳ ಬಗ್ಗೆ. ಮಗುವಿನ ಮೂಗಿನಲ್ಲಿ ಗುಂಡಿ ಬ್ಯಾಟರಿ ಎಂದರೆ ಬೆಳಗಿನ ತನಕ ಕಾಯುವ ಹಾಗಿಲ್ಲ, ಕೆಲವೇ ತಾಸಿನಲ್ಲಿ ನಡುಗೋಡೆ ಕರಗುತ್ತದೆ. ತೆಗೆಯುವ ಮೊದಲು ಯಾವ ಡ್ರಾಪ್ಸೂ ಹಾಕಬೇಡಿ, ಹಸಿ ಹೆಚ್ಚಿದಷ್ಟೂ ಸುಡುವುದು ಹೆಚ್ಚು. ಎರಡನೆಯದು, 72 ತಾಸಿನೊಳಗೆ ಒಂದು ಕಿವಿ ಪೂರ್ತಿ ಮಂದವಾದದ್ದು. ಎಷ್ಟೋ ಸಲ ಅದನ್ನು ಗುಗ್ಗೆ ಎಂದೋ ನೆಗಡಿ ಎಂದೋ ಹೇಳಿ ಕಳಿಸಿರುತ್ತಾರೆ. 512 ಹರ್ಟ್ಜ್ ಟ್ಯೂನಿಂಗ್ ಫೋರ್ಕ್ ಹಣೆಗೆ ಇಟ್ಟು ದನಿ ಯಾವ ಕಡೆ ವಾಲುತ್ತದೆ ಕೇಳಿ. ಒಳ್ಳೆಯ ಕಿವಿಯ ಕಡೆ ವಾಲಿದರೆ ನರದ ದೋಷ, ಕೇಳುವಿಕೆ ಅಳೆಯುವ ಆಡಿಯೊಗ್ರಾಂ ಮಾಡಿಸಿ ಸ್ಟಿರಾಯ್ಡ್ ಬೇಗ ಶುರುವಾಗಬೇಕು. ನಿಮ್ಮ ಫೋರ್ಕ್ ಚೀಲದಲ್ಲಿ ಹಾಕಿಕೊಂಡೇ ಬನ್ನಿ. ವಾರ್ಡಿನಲ್ಲಿ ಅದನ್ನು ಹುಡುಕುವುದರಲ್ಲೇ ಅರ್ಧ ತಾಸು ಹೋಗುತ್ತದೆ.

ಮೂಗಿನ ರಕ್ತದ ಬಗ್ಗೆ ಇಷ್ಟು ಬರೆದದ್ದಕ್ಕೆ ಕಾರಣ ಇದೆ, ಇಲ್ಲಿಯ ರಿಸರ್ಚಿನ ಗುಣ ತಿಳಿಯಲು ಅದೇ ಚೊಲೊ ದಾರಿ. 2016ರ ನವೆಂಬರಿನಲ್ಲಿ ಇಂಟಿಗ್ರೇಟ್ ಎಂಬ ಇಎನ್‌ಟಿ ಟ್ರೇನಿಗಳ ಜಾಲವು ಬ್ರಿಟನ್ನಿನ 113 ಆಸ್ಪತ್ರೆಗಳಲ್ಲಿ 30 ದಿನ ಮೂಗಿನ ರಕ್ತದ ರೋಗಿಗಳನ್ನೆಲ್ಲ ಒಂದೇ ನಮೂನೆಯಲ್ಲಿ ಬರೆದಿಟ್ಟಿತು. 30 ದಿನದೊಳಗೆ ತೀರಿಕೊಂಡವರು ಶೇ. 3.4. ಅವರೆಲ್ಲ ರಕ್ತ ಸೋರಿಯೇ ಹೋದವರಲ್ಲ, ಆದರೆ ಮೂಗಿನ ರಕ್ತದ ರೋಗಿ ಎಂದರೆ ಎಷ್ಟು ನಾಜೂಕಿನ ರೋಗಿ ಎಂಬುದು ಆ ಅಂಕಿಯಿಂದ ಎಲ್ಲರಿಗೂ ತಿಳಿಯಿತು. ಇದನ್ನು ಮಾಡಿದವರು ದೊಡ್ಡ ಪ್ರೊಫೆಸರರಲ್ಲ, ನಿಮ್ಮಂತೆ ಬ್ಲೀಪ್ ಹಿಡಿದವರು. 2021ರಲ್ಲಿ ನೋಪ್ಯಾಕ್ ಟ್ರಯಲ್ ಬಂತು. ರಕ್ತ ನಿಲ್ಲಿಸುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ಅದ್ದಿದ ಅರಳೆ ಇಟ್ಟರೆ ಪ್ಯಾಕ್ ತಪ್ಪುತ್ತದೆಯೇ ಎಂದು 496 ಜನರಲ್ಲಿ ನೋಡಿದರು. ಔಷಧ ಇಟ್ಟವರಲ್ಲಿ ಶೇ. 43.7, ಬರೀ ನೀರು ಇಟ್ಟವರಲ್ಲಿ ಶೇ. 41.3 ಜನರಿಗೆ ಪ್ಯಾಕ್ ಬೇಕಾಯಿತು. ಅಂದರೆ ಉಪಯೋಗವಿಲ್ಲ. ಎಲ್ಲರೂ ನಂಬಿಕೊಂಡಿದ್ದ ಒಂದು ರೂಢಿ ಒಂದು ನೇರ ಪ್ರಶ್ನೆಗೆ ನಿಲ್ಲಲಿಲ್ಲ.

ಉಳಿದವೂ ಹೀಗೇ. ದೊಡ್ಡವರಿಗೆ ಟಾನ್ಸಿಲ್ ತೆಗೆದರೆ ಲಾಭವೇ ಎಂದು 27 ಆಸ್ಪತ್ರೆಗಳ 453 ಜನರಲ್ಲಿ ನೋಡಿದ ನ್ಯಾಟಿನಾ ಟ್ರಯಲ್ 2023ರಲ್ಲಿ ಪ್ರಕಟವಾಯಿತು: ಎರಡು ವರ್ಷದಲ್ಲಿ ಗಂಟಲು ನೋವಿನ ದಿನಗಳು ಆಪರೇಷನ್ ಆದವರಲ್ಲಿ 23, ಕಾದವರಲ್ಲಿ 30. ಮೂಗಿನ ನಡುಗೋಡೆ ಸೊಟ್ಟಗಿದ್ದವರಲ್ಲಿ ಅದನ್ನು ನೇರ ಮಾಡುವ ಆಪರೇಷನ್ ಸೆಪ್ಟೊಪ್ಲಾಸ್ಟಿಯನ್ನೂ ಮೂಗಿನ ಸ್ಪ್ರೇಯನ್ನೂ ಹೋಲಿಸಿದ ನೇರೋಸ್ ಟ್ರಯಲ್ 378 ಜನರದ್ದು, ಅದೂ 2023ರದ್ದೇ. ಆರು ತಿಂಗಳಿಗೆ ಸ್ನಾಟ್-22, ಅಂದರೆ ಮೂಗಿನ ತೊಂದರೆ ಅಳೆಯುವ ಪ್ರಶ್ನಾವಳಿಯ ಅಂಕ (ಕಡಿಮೆ ಇದ್ದಷ್ಟೂ ಒಳ್ಳೆಯದು) ಆಪರೇಷನ್ ಕಡೆ 19.9, ಸ್ಪ್ರೇ ಕಡೆ 39.5. ಟಾನ್ಸಿಲ್, ಸೆಪ್ಟಂ, ಮೂಗಿನ ರಕ್ತ, ಇವು ಧಾರವಾಡದ ಸಣ್ಣ ನರ್ಸಿಂಗ್ ಹೋಮಿನಲ್ಲೂ ದಿನಾ ಬರುವ ಕೇಸುಗಳೇ. ಅಪರೂಪದ ರೋಗ ಹುಡುಕಿ ಒಂದು ಕೇಸ್ ರಿಪೋರ್ಟ್ ಬರೆಯುವ ನಮ್ಮ ಚಟ ಇಲ್ಲಿ ಬಿಡಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಕಿವಿಯ ಮಾತಿಗೆ ಬರೋಣ. ಸೋರುವ ಕಿವಿ, ತೂತಾದ ಪೊರೆ, ಕಿವಿಯೊಳಗೆ ಚರ್ಮ ಬೆಳೆದು ಎಲುಬು ತಿನ್ನುವ ಕೊಲೆಸ್ಟಿಯಾಟೊಮಾ ಇವುಗಳಲ್ಲಿ ಹುಬ್ಬಳ್ಳಿಯ ಪಿಜಿಗಳಿಗೆ ಇರುವಷ್ಟು ಕೈ ರೂಢಿ ಇಲ್ಲಿ ಅದೇ ವಯಸ್ಸಿನವರಿಗೆ ಸಿಗುವುದು ಕಷ್ಟ. ಇಲ್ಲಿಯ ಮಕ್ಕಳ ಕಿವಿ ಎಂದರೆ ಹೆಚ್ಚಾಗಿ ಗ್ಲೂ ಇಯರ್, ಪೊರೆಯ ಹಿಂದೆ ಅಂಟುನೀರು. ಅದಕ್ಕೆ ಮೂರು ತಿಂಗಳು ಕಾದು, ಮತ್ತೆ ಕೇಳುವಿಕೆ ಪರೀಕ್ಷಿಸಿ, ಆಮೇಲೆ ಗ್ರಾಮೆಟ್ಟೋ (ಪೊರೆಯಲ್ಲಿ ಕೂಡಿಸುವ ಸಣ್ಣ ನಳಿಕೆ) ಹಿಯರಿಂಗ್ ಏಡೋ ನಿರ್ಧಾರ. ಇಲ್ಲಿಯ ಚಿಕಿತ್ಸಾ ಮಾರ್ಗಸೂಚಿ ಬರೆಯುವ ಸಂಸ್ಥೆ ನೈಸ್‌ನ 2023ರ ಮಾರ್ಗಸೂಚಿ ಅದಕ್ಕೆ ಆಂಟಿಬಯೋಟಿಕ್, ಅಲರ್ಜಿ ಗುಳಿಗೆ, ಸ್ಟಿರಾಯ್ಡ್ ಮೂರೂ ಬೇಡ ಎನ್ನುತ್ತದೆ. ಕೊಲೆಸ್ಟಿಯಾಟೊಮಾದಲ್ಲಿ ದೊಡ್ಡ ವ್ಯತ್ಯಾಸ ಆಪರೇಷನ್ನಿನದ್ದಲ್ಲ, ಆಮೇಲಿನದ್ದು. ರೋಗಿ ಮತ್ತೆ ಬರುತ್ತಾನೋ ಇಲ್ಲವೋ ತಿಳಿಯದ ಕಡೆ ಕಿವಿ ಕಾಲುವೆಯ ಗೋಡೆ ತೆಗೆದು, ಕ್ಯಾವಿಟಿ ತೆರೆದಿಟ್ಟು, ರೋಗ ಉಳಿದರೆ ಕಣ್ಣಿಗೆ ಕಾಣುವಂತೆ ಮಾಡುವುದು ಸರಿಯಾದ ಲೆಕ್ಕ. ಇಲ್ಲಿ ಗೋಡೆ ಉಳಿಸಿ, ಎರಡನೆಯ ಸಲ ಕಿವಿ ತೆರೆದು ನೋಡುವ ಬದಲು ಉಳಿದ ರೋಗ ತೋರಿಸುವ ನಾನ್-ಇಪಿಐ ಡಿಫ್ಯೂಷನ್ ಎಂಬ ಬಗೆಯ ಎಂಆರ್‌ಐ ಮಾಡಿಸುತ್ತಾರೆ. ಸುಮಾರು 3 ಮಿ.ಮೀ.ಗಿಂತ ಸಣ್ಣ ಮುತ್ತು (ಉಳಿದ ರೋಗದ ಗುಳ್ಳೆ) ಅದರಲ್ಲಿ ತಪ್ಪಿಸಿಕೊಳ್ಳಬಹುದು, ಆದ್ದರಿಂದ ತೀರಾ ಬೇಗ ಮಾಡಿಸಿದ ಸ್ಕ್ಯಾನ್ ನೋಡಿ ನಿಶ್ಚಿಂತೆಯಾಗಬಾರದು. ನೀವು ಕಲಿತದ್ದು ಹಿಂದುಳಿದ ಪದ್ಧತಿ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಅದು ಬೇರೆ ಊರಿನ ರೋಗಿಗೆ ಹೊಂದಿದ ಪದ್ಧತಿ.

ಕೈ ಬಿಟ್ಟು ಹೋಗುವುದು ನಿಜ, ಮೊದಲ ಆರು ತಿಂಗಳು ವಾರ್ಡು ಮತ್ತು ಬ್ಲೀಪ್ ನಿಮ್ಮನ್ನು ತಿಂದುಹಾಕುತ್ತವೆ. ಆದ್ದರಿಂದ ಸೇರಿದ ಮೊದಲ ಭೇಟಿಯಲ್ಲೇ ಕನ್ಸಲ್ಟಂಟರ ಹತ್ತಿರ ವಾರಕ್ಕೆ ಒಂದು ಕಿವಿ ಆಪರೇಷನ್ ಲಿಸ್ಟ್ ಕೇಳಿ, ಅದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಡ್ಯೂಟಿ ಪಟ್ಟಿ (ರೋಟಾ) ಬಂದಾಗ ಮರೆತುಹೋಗುತ್ತದೆ. ಹತ್ತಿರದ ದೊಡ್ಡ ಕೇಂದ್ರದಲ್ಲಿ ಕಿವಿ ಎಲುಬಿನ ಮೇಲೆ ಆಪರೇಷನ್ ಅಭ್ಯಾಸ ಮಾಡುವ ಟೆಂಪೊರಲ್ ಬೋನ್ ಲ್ಯಾಬ್ ಇದ್ದರೆ ರಜೆ ಹಾಕಿ ಹೋಗಿ. ಪ್ರತಿ ಆಪರೇಷನ್ನನ್ನೂ ಅದೇ ದಿನ ಇ-ಲಾಗ್‌ಬುಕ್ಕಿಗೆ ಹಾಕಿ. ಮುಂದೆ ಪೋರ್ಟ್‌ಫೋಲಿಯೊ ಮಾರ್ಗದಲ್ಲಿ, ಅಂದರೆ ಮಾಡಿದ ಕೆಲಸದ ದಾಖಲೆ ತೋರಿಸಿ, ಸ್ಪೆಷಲಿಸ್ಟ್ ರಿಜಿಸ್ಟರಿಗೆ ಹೋಗಬೇಕೆಂದರೆ ಇದೇ ಆಧಾರ.

ಇನ್ನು ಊರಿನಿಂದ ಹೊತ್ತು ತರಬಹುದಾದ ಪ್ರಶ್ನೆಗಳು. ಗದಗ-ಬೆಟಗೇರಿಯ ಮಗ್ಗದವರ ಕಿವಿಯಲ್ಲಿ 4000 ಹರ್ಟ್ಜ್ ಹತ್ತಿರ ಬೀಳುವ ಕೇಳುವಿಕೆಯ ತಗ್ಗು, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವವರ ಮೂಗು, ಇವೆರಡೂ ಒಳ್ಳೆಯ ವಿಷಯಗಳೇ. ಸಂಬಂಧದಲ್ಲಿ ಮದುವೆಯಾದವರ ಮಕ್ಕಳ ಹುಟ್ಟುಕಿವುಡು ಇನ್ನೂ ಆಳದ್ದು. ಜಿಜೆಬಿ2 ಜೀನಿನಲ್ಲಿ ಯುರೋಪಿನವರಲ್ಲಿ ಹೆಚ್ಚು ಕಾಣುವ ದೋಷ 35ಡೆಲ್‌ಜಿ, ಭಾರತದಲ್ಲಿ ಹೆಚ್ಚು ಕಾಣುವುದು ಡಬ್ಲ್ಯು24ಎಕ್ಸ್. ಯುರೋಪಿನ ಕಿಟ್ ತಂದು ಭಾರತದಲ್ಲಿ ಬಳಸಿದರೆ ನಮ್ಮ ಮಕ್ಕಳ ದೋಷ ಸಿಗದೆ ಹೋಗಬಹುದು. ಒಂದೇ ಮಸಾಲೆ ಪುಡಿ ಎಲ್ಲ ಪಲ್ಯಕ್ಕೂ ಆಗುವುದಿಲ್ಲವಲ್ಲ.

ಆದರೆ ಒಬ್ಬರೇ, ದುಡ್ಡಿಲ್ಲದೆ, ಎರಡು ವರ್ಷದಲ್ಲಿ ಮುಗಿಸಬಹುದಾದದ್ದು ಯಾವುದು ಎಂದು ಕೇಳಿದರೆ ನಾನು ಭಾಷೆಯ ಕೆಲಸಕ್ಕೆ ಕೈ ತೋರಿಸುತ್ತೇನೆ. ಸ್ನಾಟ್-22 ಎಂದರೆ 22 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 5, ಒಟ್ಟು 110. ಅಂಕ 8.9 ಇಳಿದರೆ ರೋಗಿಗೆ ಹಗುರಾದದ್ದು ಗೊತ್ತಾಗುತ್ತದೆ ಎಂದು ಲೆಕ್ಕ. ಅದರಲ್ಲಿ ತಲೆಸುತ್ತಿನ ಪ್ರಶ್ನೆಯೂ ಒಂದು. ನಮ್ಮ ಕಡೆ “ಚಕ್ಕರ ಬರತೈತಿ” ಎಂದರೆ ಮನೆ ಗಿರಗಿರ ತಿರುಗಿದ್ದೂ ಹೌದು, ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದದ್ದೂ ಹೌದು, ಹೊಟ್ಟೆ ಹಸಿದು ಸುಸ್ತಾದದ್ದೂ ಹೌದು. ಮೊದಲನೆಯದು ಕಿವಿಯದ್ದು, ಉಳಿದೆರಡು ಅಲ್ಲ. ಮೂಗಿನ ಹಿಂದಿನಿಂದ ಗಂಟಲಿಗೆ ಇಳಿಯುವುದನ್ನು ರೋಗಿ ಬರೀ “ಕಫಾ” ಎನ್ನುತ್ತಾನೆ. ಪುಸ್ತಕದ ಕನ್ನಡದಲ್ಲಿ ತರ್ಜುಮೆ ಮಾಡಿ ಕೊಟ್ಟರೆ ಹಾವೇರಿಯ ರೈತ ನಡುವಿನ ಅಂಕಿಗೆ ಗುರುತು ಹಾಕಿ ಕಾಗದ ವಾಪಸ್ ಕೊಡುತ್ತಾನೆ. ಸರಿಯಾದ ಕ್ರಮ ಹೀಗೆ: ಮೂಲ ಪ್ರಶ್ನಾವಳಿಯ ಹಕ್ಕುದಾರರ ಅನುಮತಿ ಪಡೆಯಿರಿ. ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರಬೇಕು, ಅವರಲ್ಲಿ ಒಬ್ಬರು ಡಾಕ್ಟರ್ ಅಲ್ಲದವರಿರಲಿ. ಎರಡನ್ನೂ ಸೇರಿಸಿ ಒಂದು ಮಾಡಿ, ಮೂಲ ನೋಡದವರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎಲ್ಲಿ ಅರ್ಥ ಜಾರಿದೆ ನೋಡಿ. ಕೆಲವು ರೋಗಿಗಳಿಗೆ ಓದಿ ಹೇಳಿ, ಏನು ತಿಳಿಯಿತು ಎಂದು ಅವರ ಬಾಯಿಂದಲೇ ಹೇಳಿಸಿ. ಕೊನೆಗೆ ಅದೇ ರೋಗಿಗೆ ಒಂದೆರಡು ವಾರ ಬಿಟ್ಟು ಮತ್ತೆ ಕೊಟ್ಟು ಉತ್ತರ ಹೊಂದುತ್ತದೆಯೇ ಎಂದು ಪರೀಕ್ಷಿಸಿ. ಓದಲು ಬಾರದವರಿಗೆ ಓದಿ ಹೇಳುವ ಪ್ರತಿಯನ್ನು ಬೇರೆಯೇ ಪರೀಕ್ಷಿಸಬೇಕು, ಇದನ್ನು ಬಹಳ ಜನ ಬಿಡುತ್ತಾರೆ.

ಅನುಮತಿಗಳಲ್ಲಿ ಎಡವುವವರೇ ಹೆಚ್ಚು. ಇಲ್ಲಿ ಆಡಿಟ್, ಅಂದರೆ ನಡೆದ ಚಿಕಿತ್ಸೆಯ ಪರಿಶೀಲನೆ ಮಾಡುವುದಾದರೂ ಆಸ್ಪತ್ರೆಯ ಆಡಿಟ್ ವಿಭಾಗದಲ್ಲಿ ಮೊದಲು ನೋಂದಾಯಿಸಿ. ರೋಗಿಯ ಹೆಸರು, ಫೋಟೊ ನಿಮ್ಮ ಸ್ವಂತ ಫೋನಿನಲ್ಲಿ ಒಂದು ದಿನವೂ ಇರಬಾರದು. ಇಲ್ಲಿಯ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಆರ್‌ನ ಜಿಸಿಪಿ (ಟ್ರಯಲ್ ನಡೆಸುವ ನಿಯಮಗಳ) ತರಬೇತಿ ಆನ್‌ಲೈನ್ ಇದೆ, ಮುಗಿಸಿ. ನಿಮ್ಮ ಆಸ್ಪತ್ರೆ ಯಾವುದಾದರೂ ಟ್ರಯಲಿನಲ್ಲಿದ್ದರೆ ಅಸೋಸಿಯೇಟ್ ಪಿಐ (ಟ್ರಯಲ್ ಮುಖ್ಯಸ್ಥರ ಜೊತೆಗಾರ) ಯೋಜನೆಗೆ ಸೇರಿ, ಆರು ತಿಂಗಳಲ್ಲಿ ಟ್ರಯಲ್ ಹೇಗೆ ನಡೆಯುತ್ತದೆ ಎಂಬುದು ಒಳಗಿನಿಂದ ತಿಳಿಯುತ್ತದೆ. ಊರಿನ ಕಡೆ ಟ್ರಯಲ್ ಮಾಡುವುದಾದರೆ ಎಥಿಕ್ಸ್ ಸಮಿತಿ ಮೊದಲು, ಆಮೇಲೆ ಭಾರತದ ಟ್ರಯಲ್ ನೋಂದಣಿ ಪಟ್ಟಿ ಸಿಟಿಆರ್‌ಐ, ಆಮೇಲೆ ಮೊದಲ ರೋಗಿ. 2018ರ ಏಪ್ರಿಲ್ 1ರಿಂದ ಸಿಟಿಆರ್‌ಐ ಹಿಂದಿನ ದಿನಾಂಕಕ್ಕೆ ನೋಂದಣಿ ಮಾಡುವುದಿಲ್ಲ. ಇಂಗ್ಲೆಂಡಿನ ಸಂಸ್ಥೆ ಪಾಲುದಾರ ಆದರೆ ಕೇಂದ್ರ ಆರೋಗ್ಯ ಮಂತ್ರಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆಯೂ ಬೇಕಾಗುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ.

ಹೊರಡುವ ಮೊದಲು ಊರಲ್ಲೇ ಮುಗಿಸಬೇಕಾದ ಕೆಲಸ: ಪಿಜಿಯ ಮೂರೂ ವರ್ಷದ ಲಾಗ್‌ಬುಕ್ಕಿನ ಪ್ರತಿ ಪುಟಕ್ಕೂ ವಿಭಾಗದ ಮುಖ್ಯಸ್ಥರ ಸಹಿ ಮತ್ತು ಶಿಕ್ಕಾ. ಟಿಂಪನೊಪ್ಲಾಸ್ಟಿ (ಕಿವಿಪೊರೆ ಸರಿಪಡಿಸುವುದು), ಮಾಸ್ಟಾಯ್ಡ್ ಎಷ್ಟು, ಅದರಲ್ಲಿ ನೀವೇ ಮಾಡಿದ್ದು ಎಷ್ಟು, ಸಹಾಯಕ್ಕೆ ನಿಂತದ್ದು ಎಷ್ಟು ಎಂದು ಬೇರೆ ಬೇರೆ ಬರೆದ ಒಂದು ಪತ್ರ, ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ. ನಿಮ್ಮ ಡಿಸರ್ಟೇಷನ್ನಿನ ಎಥಿಕ್ಸ್ ಒಪ್ಪಿಗೆಯ ನಕಲು, ಅದರ ಮಾಹಿತಿಯನ್ನು ಮುಂದೆ ಬಳಸಬಹುದೆಂದು ಗೈಡ್ ಬರೆದುಕೊಟ್ಟ ಚೀಟಿ. ಮುಖ್ಯಸ್ಥರ ವರ್ಗಾವಣೆ ಆದರೆ ಈ ಸಹಿಗಳನ್ನು ಇಂಗ್ಲೆಂಡಿನಲ್ಲಿ ಕೂತು ತರಿಸುವುದು ಬಹಳ ಕಷ್ಟ. ಈ ವಾರವೇ ಹೋಗಿ ಮಾಡಿಸ್ರಿ.