ಬಿಎಂಟಿ (ಅಸ್ಥಿಮಜ್ಜೆ ಕಸಿ) ಆದಮೇಲೆ ಮಗನಿಗೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಮತ್ತೆ ಬಂದಿದೆ. ಅವನ ಅಕ್ಕನ ಬಿಳಿ ರಕ್ತಕಣ ಹಾಕುತ್ತಾರಂತೆ. ಅದು ರಕ್ತ ಹಾಕಿಸಿದ ಹಾಗೇ ಅಲ್ವಾ? ಮರುದಿನ ಊರಿಗೆ ಹೋಗಬಹುದಾ? ಇಲ್ಲಾ ಕಾರ್-ಟಿ ಚಿಕಿತ್ಸೆಗೆ ಕಾಯಬೇಕಾ?

ರಕ್ತ ಹಾಕಿಸಿದ ಹಾಗೆ ಅಲ್ಲವೇ ಅಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಮಗಳಿಗೆ ಆಗ ಏಳು ವರ್ಷ, ಅವಳ ಅಣ್ಣನೇ ಡೋನರ್. ಬಿಎಂಟಿ ಆಗಿ ಎಂಟು ತಿಂಗಳಿಗೆ ರಿಲ್ಯಾಪ್ಸ್, ಕಾಯಿಲೆ ಮತ್ತೆ ಬಂತು. ಕೀಮೋ ಕೊಟ್ಟು ಕಾಯಿಲೆ ತಗ್ಗಿಸಿದಮೇಲೆ ಡಿಎಲ್‌ಐ ಮಾಡಿದರು, ಅಂದರೆ ನೀವು ಹೇಳಿದ ಹಾಗೆ ಡೋನರ್‌ನ ಬಿಳಿ ರಕ್ತಕಣ ಹಾಕುವುದು. ಅಣ್ಣ ಮೂರು ಗಂಟೆ ಬಿಳಿ ಕಣ ತೆಗೆಯುವ ಮೆಷಿನ್ ಪಕ್ಕ ಮಲಗಿದ್ದ. ಇವಳಿಗೆ ಹೋಗಿದ್ದು ಒಂದು ಸಿರಿಂಜಿನಷ್ಟು, ಕಾಲು ಗಂಟೆಯಲ್ಲಿ ಮುಗಿಯಿತು. "ಇಷ್ಟೇನಾ?" ಅಂದರು ನಮ್ಮವರು.

ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ಬೆಂಗಳೂರಿನ ರೂಮು ಬಿಟ್ಟು ಅರಸೀಕೆರೆ ಪಕ್ಕದ ನಮ್ಮೂರಿಗೆ ಹೋದೆವು. ಏಪ್ರಿಲ್ ಬಿಸಿಲು. ಮಗು ಅಂಗೈ ಕೆರೆದುಕೊಳ್ಳತೊಡಗಿತು. ಕಿವಿ, ಅಂಗಾಲು ಕೆಂಪಾಗಿದ್ದವು. ಬೆವರುಸಾಲೆ ಅಂತ ಕ್ಯಾಲಮೈನ್ ಹಚ್ಚಿದೆ. ಬೆವರುಸಾಲೆ ಅಂಗೈಗೆ ಬರುತ್ತದಾ? ಬರುವುದಿಲ್ಲ. ಅಷ್ಟೂ ಹೊಳೆಯಲಿಲ್ಲ ನನಗೆ. ಫೋನ್ ಮಾಡೋಣ ಅಂತ ಅನಿಸಿತ್ತು, ಆದರೆ ಭಾನುವಾರ, ಡಾಕ್ಟರಿಗೆ ಸುಮ್ನೆ ತೊಂದರೆ ಯಾಕೆ ಅಂತ ಬಿಟ್ಟೆ. ಸೋಮವಾರ ಸ್ವಲ್ಪ ಕಮ್ಮಿ ಅನಿಸಿತು. ಬುಧವಾರ ನೀರಿನಂತೆ ಹಸಿರು ಭೇದಿ. ನಾಲ್ಕು ದಿನ ಹೋಗಿತ್ತು.

ಅದು ಜಿವಿಹೆಚ್‌ಡಿ. ಅಣ್ಣನ ಕಣಗಳು ಕ್ಯಾನ್ಸರ್ ಜೊತೆ ಅವಳ ಚರ್ಮ, ಕರುಳಿನ ಮೇಲೂ ಬಿದ್ದಿದ್ದವು. ಬೇಗ ಹೇಳಿದ್ದರೆ ಸಣ್ಣ ಮದ್ದಿನಲ್ಲಿ ಹಿಡಿಯಬಹುದಿತ್ತಂತೆ. ತಡವಾಗಿದ್ದಕ್ಕೆ ಜಾಸ್ತಿ ಸ್ಟೀರಾಯ್ಡ್ ಕೊಟ್ಟರು. ಸ್ಟೀರಾಯ್ಡ್ ಏನು ಮಾಡುತ್ತದೆ ಗೊತ್ತಾ? ಕ್ಯಾನ್ಸರ್ ಜೊತೆ ಕಾದಾಡಲಿ ಅಂತ ಹಾಕಿಸಿದ ಕಣಗಳನ್ನೇ ಮಲಗಿಸುತ್ತದೆ. ಎರಡನೇ ಡೋಸ್ ಕೊಡುವ ಮಾತೇ ನಿಂತುಹೋಯಿತು.

ಕಾರ್-ಟಿಗೆ ಕಾಯಬೇಕಾ ಅಂತಲೂ ಕೇಳಿದ್ದೀರಿ. ಅದು ಟಿ ಕಣ ಅನ್ನುವ ಬಿಳಿ ರಕ್ತಕಣಗಳನ್ನು ಲ್ಯಾಬಿನಲ್ಲಿ ತಿದ್ದಿ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ. 2015ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆ ಒಂದು ವರ್ಷದ ಮಗುವಿಗೆ ಬೇರೆಯವರ ಟಿ ಕಣಗಳನ್ನು ತಿದ್ದಿ ಕೊಟ್ಟಿದ್ದು ನಿಜ. ನಮ್ಮಲ್ಲಿ 2023ರಲ್ಲಿ ಅನುಮತಿ ಸಿಕ್ಕ ನೆಕ್ಸ್‌ಕಾರ್19 ಅನ್ನುವ ಕಾರ್-ಟಿ ರೋಗಿಯ ಸ್ವಂತ ಕಣದಿಂದ ಮಾಡುವುದು, ಅದೂ ಬಿ ಕಣ ಅನ್ನುವ ಇನ್ನೊಂದು ಬಗೆಯ ಬಿಳಿ ಕಣದ ಕ್ಯಾನ್ಸರಿಗೆ. ಮಗನದ್ದು ಯಾವ ಬಗೆ ಅಂತ ಮೊದಲು ಕೇಳಿ.

ರೂಮಿನ ಬಾಡಿಗೆ ಇನ್ನೆರಡು ತಿಂಗಳು ಕಟ್ಟಿಬಿಡಿ. ದಿನಾ ರಾತ್ರಿ ಟಾರ್ಚ್ ಹಿಡಿದು ಅಂಗೈ, ಅಂಗಾಲು, ಕಿವಿ ನೋಡಿ. ಕಣ್ಣು ಹಳದಿಯಾಗಿದೆಯಾ ನೋಡಿ. ಭಾನುವಾರವಾದರೂ ಫೋನ್ ಮಾಡಿ.

ಮಗಳಿಗೀಗ ಹತ್ತು. ಕಾಯಿಲೆ ಮತ್ತೆ ಬಂದಿಲ್ಲ. ಕಣ್ಣು ಒಣಗುತ್ತದೆ, ಡ್ರಾಪ್ಸ್ ಬಾಟಲಿ ಸ್ಕೂಲ್ ಬ್ಯಾಗಿನಲ್ಲೇ ಇರುತ್ತದೆ.