ಹಳೇ ಪ್ರೋಟೋಬಫ್ ಕೋಡ್, ಹೊಸ ಲೈಬ್ರರಿ

ಪ್ರಶ್ನೆ: ನಮ್ಮ ಹಳೇ ಪೈಥಾನ್ ಪ್ರಾಜೆಕ್ಟನ್ನು ಹೊಸ ಲ್ಯಾಪ್‌ಟಾಪ್‌ಗೆ ಹಾಕಿದೆ. ಕೋಡ್‌ನಲ್ಲಿ ಒಂದಕ್ಷರ ಮುಟ್ಟಿಲ್ಲ. ಆದರೂ ಪ್ರೋಟೋಬಫ್ (ಪ್ರೋಗ್ರಾಂಗಳ ನಡುವೆ ಸಾಗಿಸಲು ಡೇಟಾವನ್ನು ಅಡಕವಾಗಿ ಜೋಡಿಸುವ ವಿಧಾನ) ಫೈಲ್ ಇಂಪೋರ್ಟ್ ಮಾಡುವಾಗಲೇ, ಡೇಟಾದ ರಚನೆ ವಿವರಿಸುವ ಡಿಸ್ಕ್ರಿಪ್ಟರ್‌ಗಳನ್ನು ನೇರವಾಗಿ ಸೃಷ್ಟಿಸಲು ಆಗದು ಎಂಬ ಎರರ್ ಬರುತ್ತಿದೆ. ಏನು ಮಾಡಲಿ ಸಾರ್?

ಉತ್ತರ: ಗಾಬರಿ ಬೇಡ, ತಪ್ಪು ನಿಮ್ಮ ಕೋಡಿನದ್ದಲ್ಲ. ಆ ಫೈಲನ್ನು ಬರೆದುಕೊಟ್ಟ ಪ್ರೋಟಾಕ್ (ಪ್ರೋಟೋ ಫೈಲಿನಿಂದ ಕೋಡ್ ತಯಾರಿಸುವ ಕಂಪೈಲರ್) ಹಳೆಯದು, ಈಗ ಪಿಪ್ (ಪೈಥಾನ್ ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಸಾಧನ) ತಂದು ಹಾಕಿರುವ ಪ್ರೋಟೋಬಫ್ ಲೈಬ್ರರಿ ಹೊಸದು. 2022ರಲ್ಲಿ ಬಂದ 4.21ನೇ ಆವೃತ್ತಿಯಿಂದ ಈಚೆಗೆ, 3.19ಕ್ಕಿಂತ ಹಳೆಯ ಪ್ರೋಟಾಕ್ ಬರೆದ ಪೈಥಾನ್ ಕೋಡ್ ಆ ಲೈಬ್ರರಿಗೆ ಒಗ್ಗುವುದಿಲ್ಲ. ಡೇಟಾದ ರಚನೆ ಬರೆದಿಟ್ಟ ಮೂಲ ಪ್ರೋಟೋ ಫೈಲ್ ನಿಮ್ಮ ಹತ್ತಿರ ಇದೆ ಅಲ್ವಾ? ಹೊಸ ಪ್ರೋಟಾಕ್‌ನಿಂದ ಕೋಡನ್ನು ಮತ್ತೆ ಬರೆಸಿ, ಆದರೆ ಆ ಪ್ರೋಟಾಕ್ ಲೈಬ್ರರಿಗಿಂತ ಹೊಸದಾಗಿರಬಾರದು. ಇವತ್ತೇ ಓಡಬೇಕು ಅಂದರೆ ಸದ್ಯಕ್ಕೆ ಲೈಬ್ರರಿಯನ್ನು 3.20ಕ್ಕೆ ಇಳಿಸಿ. ಪ್ರೋಟಾಕ್ ಬರೆದ ಆ ಪೈಥಾನ್ ಫೈಲನ್ನು ಕೈಯಿಂದ ತಿದ್ದಲು ಮಾತ್ರ ಹೋಗಬೇಡಿ.