ತೀರ್ಥಹಳ್ಳಿ ಕಡೆ ಹೊಸ ಮನೆ ವೈರಿಂಗ್‌ಗೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕಾ? ಖರ್ಚು ಹೇಗೆ ಲೆಕ್ಕ ಹಾಕುತ್ತಾರೆ?

ಹೌದು, ಬೇಕೇ ಬೇಕು. ಗುತ್ತಿಗೆದಾರರ ಲೈಸೆನ್ಸ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ, ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಮೆಸ್ಕಾಂ ಅಲ್ಲ. ಕೆಲಸ ಮಾಡುವ ವೈರ್‌ಮನ್‌ಗೆ, ಮೇಲೆ ನಿಂತು ನೋಡುವ ಸೂಪರ್‌ವೈಸರ್‌ಗೆ ಬೇರೆ ಬೇರೆ ಪರ್ಮಿಟ್ ಇರುತ್ತದೆ. ಹೊಸ ಮೀಟರ್‌ಗೆ ಅರ್ಜಿ ಹಾಕುವಾಗ ಗುತ್ತಿಗೆದಾರರು ಸಹಿ ಮಾಡಿದ ವೈರಿಂಗ್ ವರದಿಯನ್ನು ಮೆಸ್ಕಾಂ ಕೇಳುತ್ತದೆ. ಕೆಲಸ ಒಬ್ಬರದು, ಸಹಿ ಮಾತ್ರ ಇನ್ನೊಬ್ಬರದು ಆಗಬಾರದು. ಶುರುವಿನಲ್ಲೇ ಲೈಸೆನ್ಸ್ ತೋರಿಸಿ ಅನ್ನಿ, ಅವಧಿ ಮುಗಿದಿದೆಯಾ ನೋಡಿ. ಕೇಳಲು ಸಂಕೋಚ ಯಾಕೆ, ಅಲ್ವಾ?

ಮಜೂರಿ ಸಾಮಾನ್ಯವಾಗಿ ಪಾಯಿಂಟ್ ಲೆಕ್ಕ, ಅಂದರೆ ಲೈಟ್, ಫ್ಯಾನ್, ಪ್ಲಗ್ ಒಂದೊಂದಕ್ಕೆ ಇಷ್ಟು ಅಂತ. ಗೋಡೆ ಕೊರೆಯುವುದು, ಡಿಬಿ (ಮೇನ್ ಸ್ವಿಚ್, ಎಂಸಿಬಿಗಳಿರುವ ಪೆಟ್ಟಿಗೆ) ಕೂರಿಸುವುದು, ಅರ್ತಿಂಗ್ ಇದರಲ್ಲೇ ಸೇರಿದೆಯಾ ಅಂತ ಬರೆಸಿಕೊಳ್ಳಿ. ಜಗಳ ಬರುವುದೇ ಅಲ್ಲಿ. ಮೆಸ್ಕಾಂಗೆ ಕಟ್ಟುವ ಠೇವಣಿ, ಶುಲ್ಕ ಬೇರೆ. ಅದಕ್ಕೆ ನಿಮ್ಮ ಹೆಸರಿನ ರಸೀದಿ ಇರಲಿ. ಕಂಬ ದೂರವಿದ್ದರೆ ಲೈನ್ ಎಳೆಯುವ ಖರ್ಚೇ ಜಾಸ್ತಿ ಆಗಬಹುದು, ತೋಟದ ಮನೆಗಳಲ್ಲಿ ಹೀಗಾಗುತ್ತದೆ.

ನಮ್ಮ ಸಿಡಿಲು-ಮಳೆಯ ಊರಲ್ಲಿ ಅರ್ತಿಂಗ್‌ನಲ್ಲಿ ಉಳಿತಾಯ ಬೇಡ. ಮಳೆಗಾಲದಲ್ಲಿ ನೆಲ ಒದ್ದೆ, ಅಳೆದರೆ ಅರ್ತ್ ಚೆನ್ನಾಗೇ ತೋರಿಸುತ್ತದೆ. ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗ ಅಳೆಸಿ. ಡಿಬಿಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆದ ಮೇಲೇ ಕೊನೆಯ ಕಂತು ಕೊಡಿ.